ಎರಡೇ ವಯರ್ ಇರುವಲ್ಲಿ ಸ್ಮಾರ್ಟ್ ಥರ್ಮೋಸ್ಟಾಟ್ ರಾತ್ರಿಯೇ ಸಾಯುದು ಯಾಕೆ

ಮಂಗಳೂರಲ್ಲಿ ಕೂತು ಮನೆ ಬಿಸಿ ಮಾಡುವ ಸಿಸ್ಟಮ್ ಬಗ್ಗೆ ಬರೆಯುದು ಅಂದ್ರೆ ಯಾರಿಗಾದ್ರೂ ನಗು ಬರ್ತದೆ, ನಮಗಿಲ್ಲಿ ಜನವರಿಯಲ್ಲೂ ಫ್ಯಾನ್ ಬೇಕು. ಆದ್ರೆ ನಮ್ಮೂರ ಕಡೆ ಮನೆಗೊಬ್ರು ಹೊರದೇಶದಲ್ಲಿ ಇದ್ದೇ ಇರ್ತಾರಲ್ಲ, ಅಲ್ಲಿ ಎಂತ ಹಾಳಾದ್ರೂ ಫೋನ್ ಬರುದು ಇಲ್ಲಿಗೆ. ನನ್ನ ಅಕ್ಕ ಭಾವ ಇರುದು ಅಮೆರಿಕದ ವೂಸ್ಟರಲ್ಲಿ, ಹಳೇ ಮರದ ಮನೆ, ಬೇಸ್‌ಮೆಂಟಲ್ಲಿ ಒಂದು ಗ್ಯಾಸ್ ಬಾಯ್ಲರ್, ಅದು ನೀರು ಕಾಯಿಸಿ ಪೈಪಲ್ಲಿ ರೂಮ್ ರೂಮಿಗೆ ಕಳಿಸುದು. ಬಿಜೈಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಮೂರೂವರೆಗೆ ನಾನು ಬೆವರು ಒರೆಸ್ತಾ ಚಾ ಕುಡಿಯುವಾಗ ಅಕ್ಕನ ವಿಡಿಯೋ ಕಾಲ್, ಅಲ್ಲಿ ಬೆಳಿಗ್ಗೆ ಐದು ಗಂಟೆ, ಸ್ವೆಟರ್ ಮೇಲೆ ಜಾಕೆಟ್, ಮಂಡೆಗೆ ಟೊಪ್ಪಿ. "ಥರ್ಮೋಸ್ಟಾಟ್ ಸತ್ತಿದೆ ಮಾರಾಯ, ಮನೆಯೊಳಗೆ 13 ಡಿಗ್ರಿ, ನೀನು ಎಂತಾದ್ರೂ ಹೇಳು." ಥರ್ಮೋಸ್ಟಾಟ್ ಅಂದ್ರೆ ಮನೆ ಎಷ್ಟು ಬಿಸಿ ಉಂಟು ಅಂತ ನೋಡಿ ಬಾಯ್ಲರನ್ನು ಆನ್ ಆಫ್ ಮಾಡುವ ಗೋಡೆಯ ಡಬ್ಬ. ನಾನು ಕದ್ರಿ ಗುಡ್ಡೆಯ ಪಾಲಿಟೆಕ್ನಿಕ್ಕಲ್ಲಿ ಓದಿ ಇನ್ವರ್ಟರ್ ಯುಪಿಎಸ್ ರಿಪೇರಿ ಮಾಡುವವ, ಬಾಯ್ಲರ್ ಕಣ್ಣಲ್ಲಿ ಕಂಡವ ಅಲ್ಲ. ಆದ್ರೂ ಕರೆಂಟ್ ಕರೆಂಟೇ ಅಲ್ವ, ಹಾಗೆ ಕೂತ್ಕೊಂಡೆ.

ಕಥೆ ಎಂತ ಅಂದ್ರೆ, ಮೊದ್ಲು ಗೋಡೆಯಲ್ಲಿ ಒಂದು ದುಂಡಗಿನ ಹಳೇ ಥರ್ಮೋಸ್ಟಾಟ್ ಇತ್ತು, ಅದನ್ನು ತೆಗೆದು ಭಾವ ನವೆಂಬರಲ್ಲಿ ಆಫರಲ್ಲಿ ಸಿಕ್ಕಿದ ಸ್ಮಾರ್ಟ್ ಒಂದನ್ನು ಹಾಕಿದ್ದು. ಯಾವ ಕಂಪನಿ ಅಂತ ಬರೆಯುದಿಲ್ಲ, ಯಾಕಂದ್ರೆ ಅದ್ರ ತಪ್ಪೇನೂ ಇಲ್ಲ ಅಂತ ಕಡೆಗೆ ಗೊತ್ತಾಯ್ತು. ಒಂದೂವರೆ ತಿಂಗಳು ಚಂದ ನಡೀತು, ಭಾವ ಆಫೀಸಿಂದಲೇ ಮೊಬೈಲಲ್ಲಿ ಮನೆ ಬಿಸಿ ಮಾಡಿ ನಮಗೆಲ್ಲ ಸ್ಕ್ರೀನ್‌ಶಾಟ್ ಕಳಿಸಿದ್ದೇ ಕಳಿಸಿದ್ದು. ಜನವರಿಯಲ್ಲಿ ಹೊರಗೆ ಮೈನಸ್ 15ಕ್ಕೆ ಇಳಿದ ರಾತ್ರಿ ಸ್ಕ್ರೀನ್ ಬ್ಲ್ಯಾಂಕ್, ಹೀಟ್ ಬಂದ್. ಬೆಳಿಗ್ಗೆ ಎಂಟಕ್ಕೆ ತನ್ನಷ್ಟಕ್ಕೆ ಎದ್ದು ಕೂತಿದೆ, ಏನೂ ಆಗದವರ ಹಾಗೆ. ಎರಡು ದಿನ ಬಿಟ್ಟು ಮತ್ತೆ ಅದೇ. ಭಾವನ ಪ್ರಕಾರ ಬಾಯ್ಲರ್ ಹಾಳು, ಅಕ್ಕನ ಪ್ರಕಾರ ವೈಫೈ ಹಾಳು, ನಮ್ಮಮ್ಮನ ಪ್ರಕಾರ ಆ ಮನೆಯ ವಾಸ್ತುವೇ ಹಾಳು.

ಇಲ್ಲಿ ಒಂದು ಸುಳಿವು ಉಂಟು, ಅದನ್ನು ಹಿಡಿದ್ರೆ ಅರ್ಧ ಕೆಲಸ ಮುಗೀತು. ಚಳಿ ಕಡಿಮೆ ಇದ್ದ ದಿನ ಸರಿ, ಚಳಿ ಜಾಸ್ತಿ ಇದ್ದ ರಾತ್ರಿಯೇ ಸಾಯುದು, ಸತ್ತು ಎರಡು ಮೂರು ಗಂಟೆ ಆದ ಮೇಲೆ ತಾನೇ ಬದುಕುದು. ಬಾಯ್ಲರ್ ಹಾಳಾದ್ರೆ ಥರ್ಮೋಸ್ಟಾಟಿನ ಸ್ಕ್ರೀನ್ ಯಾಕೆ ಹೋಗ್ಬೇಕು? ವೈಫೈ ಹೋದ್ರೆ ಹೀಟ್ ಯಾಕೆ ನಿಲ್ಲಬೇಕು?

ಇದಕ್ಕೆ ಉತ್ತರ ನನಗೆ ಅಮೆರಿಕದಿಂದ ಸಿಕ್ಕಿದ್ದಲ್ಲ, ಉಡುಪಿಯ ದೊಡ್ಡಮ್ಮನ ಮನೆಯಿಂದ ಸಿಕ್ಕಿದ್ದು. ಅಲ್ಲಿ ಮೆಟ್ಟಿಲಿನ ಹತ್ರ ಒಂದೇ ಒಂದು ಸ್ವಿಚ್ಚಿನ ಹಳೇ ಬಾಕ್ಸ್, ಒಳಗೆ ಎರಡೇ ವಯರ್, ಫೇಸ್ ಬಂದು ಸ್ವಿಚ್ ದಾಟಿ ಬಲ್ಬಿಗೆ ಹೋಗುದು, ನ್ಯೂಟ್ರಲ್ ಸೀದಾ ಹೋಲ್ಡರಿಗೆ, ಸ್ವಿಚ್ ಬಾಕ್ಸಿಗೆ ಅದು ಬರುದೇ ಇಲ್ಲ. ಅಲ್ಲಿಗೆ ನಾನು ನ್ಯೂಟ್ರಲ್ ಬೇಡದ ಸ್ಮಾರ್ಟ್ ಸ್ವಿಚ್ ಒಂದು ಹಾಕಿಕೊಟ್ಟೆ. ಮೂರನೇ ದಿನ ದೊಡ್ಡಮ್ಮನ ಫೋನ್, "ಆಫ್ ಮಾಡಿದ್ರೂ ಬಲ್ಬ್ ಮಿಣಮಿಣ ಅಂತದೆ, ಮನೆಯಲ್ಲಿ ಕುಲೆ ಉಂಟಾ ಎಂತ?" ಕುಲೆ, ಅಂದ್ರೆ ಪ್ರೇತ, ಎಂತದೂ ಇಲ್ಲ, ಆ ಸ್ವಿಚ್ಚಿಗೂ ಜೀವ ಬೇಕಲ್ಲ, ಅದು ತನ್ನ ಊಟಕ್ಕೆ ಚೂರು ಕರೆಂಟನ್ನು ಆ ಬಲ್ಬಿನ ಮುಖಾಂತರವೇ ಎಳೀತಾ ಇತ್ತು, ಹಳೇ 60 ವ್ಯಾಟಿನ ಬಲ್ಬಾದ್ರೆ ಅಷ್ಟಕ್ಕೆ ಮಿಸುಕಾಡುದಿಲ್ಲ, 9 ವ್ಯಾಟಿನ ಎಲ್‌ಇಡಿಗೆ ಅಷ್ಟೇ ಸಾಕು ಮಿಣುಕ್ಲಿಕ್ಕೆ. ಹೋಲ್ಡರ್ ಹತ್ರ ಸ್ವಿಚ್ಚಿನ ಜೊತೆ ಬಂದ ಬೈಪಾಸ್ ಕೆಪಾಸಿಟರ್, ಅಂದ್ರೆ ಆ ಚೂರು ಕರೆಂಟನ್ನು ಬಲ್ಬಿನ ಬದಿಯಿಂದ ದಾಟಿಸುವ ಸಣ್ಣ ಸಾಮಾನು, ಹಾಕಿದೆ, ಕುಲೆ ಹೋಯ್ತು.

ಅಕ್ಕನ ಮನೆಯಲ್ಲೂ ಇದೇ ಕಥೆ, 230 ವೋಲ್ಟಿನ ಬದಲು 24 ವೋಲ್ಟ್ ಎಸಿ. ಬಾಯ್ಲರ್ ಹತ್ರ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರ್ತದೆ, ಸಾಮಾನ್ಯವಾಗಿ 40 ವಿಎ (ಅಷ್ಟು ಹೊರೆ ಹೊರುವ ತಾಕತ್ತು), ಅದ್ರಿಂದ ಒಂದು ವಯರ್ ಮೇಲೆ ಥರ್ಮೋಸ್ಟಾಟಿಗೆ ಬರ್ತದೆ, ಅದಕ್ಕೆ ಆರ್ ಅಂತ ಹೆಸ್ರು. ಇನ್ನೊಂದು ವಾಪಸ್ ಹೋಗಿ ಬಾಯ್ಲರಿನ ರಿಲೇ, ಅಂದ್ರೆ ಕಾಯಿಲಿಗೆ ಕರೆಂಟ್ ಬಂದ್ರೆ ತಾನೇ ಮುಚ್ಚಿಕೊಳ್ಳುವ ಸ್ವಿಚ್, ಅದನ್ನು ಎಳೀತದೆ, ಅದು ಡಬ್ಲ್ಯೂ. ಥರ್ಮೋಸ್ಟಾಟ್ ಅಂದ್ರೆ ಮಧ್ಯದಲ್ಲಿ ಒಂದು ಸ್ವಿಚ್ ಅಷ್ಟೆ, ಎರಡನ್ನು ಮುಟ್ಟಿಸಿದ್ರೆ ಬಿಸಿ, ಬಿಟ್ಟರೆ ಬಂದ್. ಆ ಹಳೇ ದುಂಡಗಿನದ್ದಕ್ಕೆ ಕರೆಂಟೇ ಬೇಡ, ಒಳಗೆ ಎರಡು ಬೇರೆ ಬೇರೆ ಲೋಹ ಅಂಟಿಸಿ ಮಾಡಿದ ಒಂದು ಸುರುಳಿ, ಚಳಿಗೆ ಬಿಗಿಯಾಗಿ ಪಾದರಸದ ಪುಟ್ಟ ಗಾಜಿನ ಬುರುಡೆಯನ್ನು ವಾಲಿಸ್ತದೆ, ಪಾದರಸ ಹರಿದು ಎರಡು ತಂತಿಗೆ ಮುಟ್ಟುದು. ಹನಿವೆಲ್‌ನವ್ರ ಆ ದುಂಡು ಮಾಡೆಲ್ ಬಂದದ್ದು 1953ರಲ್ಲಿ, ಡಿಸೈನ್ ಹೆನ್ರಿ ಡ್ರೇಫಸ್ ಅನ್ನುವವರದ್ದು. ಸ್ಮಾರ್ಟಿಗೆ ಸ್ಕ್ರೀನ್, ವೈಫೈ, ಎಲ್ಲ ಬೇಕು, ಅದಕ್ಕೆ ಇಪ್ಪತ್ತನಾಲ್ಕು ಗಂಟೆಯೂ ಊಟ ಬೇಕು. ಟ್ರಾನ್ಸ್‌ಫಾರ್ಮರಿನ ಇನ್ನೊಂದು ಕಾಲಿನಿಂದ ಸೀದಾ ಬರುವ ಮೂರನೇ ವಯರಿಗೆ ಸಿ ಅಂತಾರೆ, ಅದು ನಮ್ಮ ನ್ಯೂಟ್ರಲ್ ಇದ್ದ ಹಾಗೆ. ಅದಿಲ್ಲದ ಮನೆಯಲ್ಲಿ ಥರ್ಮೋಸ್ಟಾಟ್ ಬಿಸಿ ಬಂದ್ ಇರುವಾಗ ರಿಲೇ ಕಾಯಿಲ್ ಮುಖಾಂತರ ಚೂರು ಚೂರು ಕದ್ದು ಒಳಗಿನ ಬ್ಯಾಟರಿ ತುಂಬಿಸಿಕೊಳ್ತದೆ.

ಈಗ ಮೈನಸ್ 15ರ ರಾತ್ರಿ ಯೋಚನೆ ಮಾಡಿ. ಬಾಯ್ಲರ್ ಗಂಟೆಗಟ್ಟಲೆ ಓಡ್ತಾ ಇರ್ತದೆ, ಅಂದ್ರೆ ಆರ್ ಡಬ್ಲ್ಯೂ ಎರಡೂ ಮುಟ್ಟಿಕೊಂಡೇ ಇವೆ, ಮುಟ್ಟಿಕೊಂಡ ಎರಡು ವಯರಿನ ಮಧ್ಯೆ ವೋಲ್ಟೇಜ್ ಎಲ್ಲಿಂದ ಬರ್ಬೇಕು? ಕದಿಲಿಕ್ಕೆ ಏನೂ ಇಲ್ಲ. ಕೆಲವು ಮಾಡೆಲ್ ಒಂದು ಕ್ಷಣದ ತುಣುಕು ಬಿಟ್ಟು ಹಿಡಿದು ಕದಿಯುದುಂಟು, ಆದ್ರೆ ಅದು ಎಲ್ಲಾ ಬಾಯ್ಲರಿಗೂ ಹೊಂದುದಿಲ್ಲ, ರಿಲೇ ಟಿಕ್ ಟಿಕ್ ಟಿಕ್ ಅಂತ ಹೊಡ್ಕೊಳ್ತದೆ. ಹೀಗೆ ಬ್ಯಾಟರಿ ಇಳಿದು ಇಳಿದು ಬೆಳಗಿನ ಜಾವ ಸಾಯುದು. ಸತ್ತ ಕೂಡ್ಲೇ ವಯರ್ ಬಿಟ್ಟುಕೊಳ್ತದೆ, ಬಿಟ್ಟುಕೊಂಡ ಕೂಡ್ಲೇ ಮಧ್ಯೆ 24 ವೋಲ್ಟ್ ಸಿಗ್ತದೆ, ಬ್ಯಾಟರಿ ತುಂಬ್ತದೆ, ಎಂಟು ಗಂಟೆಗೆ ಮಹಾಶಯ ಎದ್ದ. ಮನೆಯವ್ರು ಮಾತ್ರ ಗಡಗಡ.

ಇದು ನನ್ನ ಊಹೆ, ಊಹೆಯನ್ನು ನಂಬಿ ಹೊಸ ಸಾಮಾನು ತರ್ಬಾರ್ದು, ಹಾಗಾಗಿ ಭಾವನ ಕೈಯಲ್ಲಿ ಒಂದೊಂದೇ ಚೆಕ್ ಮಾಡಿಸಿದೆ. ಮೊದಲನೇದು ಎಲ್ಲಕ್ಕಿಂತ ಮುಖ್ಯ, ಗೋಡೆಯಿಂದ ಬಂದದ್ದು ಎಂತ ವಯರ್ ಅಂತ ನೋಡುದು. ತೆಳು ವಯರ್, ನಮ್ಮ ಕಾಲಿಂಗ್ ಬೆಲ್ಲಿಗೆ ಹಾಕುವ ಹಾಗಿನದ್ದು ಎರಡು ಇದ್ರೆ ಕಡಿಮೆ ವೋಲ್ಟೇಜಿನದ್ದು. ದಪ್ಪ ವಯರ್, ತುದಿಗೆ ಪ್ಲಾಸ್ಟಿಕ್ ಟೊಪ್ಪಿ ತಿರುಗಿಸಿ ಹಾಕಿದ್ದಾದ್ರೆ ಅದು 120 ಅಥವಾ 240 ವೋಲ್ಟಿನ ಕರೆಂಟ್ ಹೀಟರಿನ ಲೈನ್, ಅಲ್ಲಿಗೆ ಈ 24 ವೋಲ್ಟಿನ ಥರ್ಮೋಸ್ಟಾಟ್ ಹಾಕಿದ್ರೆ ಅಲ್ಲೇ ಸುಟ್ಟುಹೋದೀತು, ಮುಚ್ಚಿಟ್ಟು ಎಲೆಕ್ಟ್ರಿಷಿಯನ್ ಕರೀರಿ. ಇನ್ನೊಂದು ಜಾತಿ ಉಂಟು, ಹಳೇ ಗ್ಯಾಸ್ ಫೈರ್‌ಪ್ಲೇಸಲ್ಲಿ ಸಿಗುದು, ಸದಾ ಉರಿಯುವ ಪುಟ್ಟ ಪೈಲಟ್ ಬೆಂಕಿಯ ಬಿಸಿಯಿಂದಲೇ ಮುಕ್ಕಾಲು ವೋಲ್ಟ್ ಡಿಸಿ ಹುಟ್ಟುವಂಥದ್ದು. ಅದೂ ಎರಡೇ ವಯರ್, ನೋಡ್ಲಿಕ್ಕೆ ಒಂದೇ ತರ. ಅದರಿಂದ ಕದಿಲಿಕ್ಕೆ ಹೊರಟರೆ ಗ್ಯಾಸ್ ವಾಲ್ವಿಗೇ ಸಾಕಾಗುದಿಲ್ಲ, ಅಲ್ಲಿಗೆ ಬ್ಯಾಟರಿಯದ್ದೇ ಹಾಕ್ಬೇಕು, ಹೊರಗಿಂದ 24 ವೋಲ್ಟ್ ಅಂತೂ ಕೊಡ್ಲೇಬಾರ್ದು.

ಇದನ್ನು ಗೊತ್ತು ಮಾಡ್ಲಿಕ್ಕೆ ಮೀಟರ್ ಬೇಕು. ಭಾವ ಅಂಗಡಿಗೆ ಹೋಗಿ ಮಲ್ಟಿಮೀಟರ್ ತಂದು ಆ ಎರಡು ವಯರಿಗೆ ಇಟ್ಟು ನೋಡಿ "ಸೊನ್ನೆ ತೋರಿಸ್ತದೆ, ಟ್ರಾನ್ಸ್‌ಫಾರ್ಮರ್ ಹೋಗಿದೆ" ಅಂದ್ರು. ನಾನೂ ಹೌದಾ ಅಂತ ನಂಬಿ ಒಂದಿಡೀ ಸಂಜೆ ಟ್ರಾನ್ಸ್‌ಫಾರ್ಮರ್ ಬಗ್ಗೆ ಮಂಡೆ ಬೆಚ್ಚ ಮಾಡಿಕೊಂಡೆ, ಮರುದಿನ ಫೋಟೋ ದೊಡ್ಡದು ಮಾಡಿ ನೋಡಿದ್ರೆ ಮೀಟರಿನ ಮುಳ್ಳು ಡಿಸಿಯಲ್ಲಿ ಉಂಟು. ಎಸಿಯನ್ನು ಡಿಸಿ ರೇಂಜಲ್ಲಿ ಅಳೆದ್ರೆ ಸೊನ್ನೆಯೇ ಬರುದು ಮಾರಾಯ್ರೆ. ಭಾವನಿಗೆ ಜೋರು ಮಾಡುವ ಹಾಗಿಲ್ಲ, "ಭಾವ, ನೀವು ಅದೊಂದು ಅಲೆ ಅಲೆ ಗೀಟಿನ ಕಡೆಗೆ ತಿರುಗಿಸಿ" ಅಂತ ಮರ್ಯಾದೆಯಲ್ಲಿ ಹೇಳಿದೆ. 27 ವೋಲ್ಟ್ ಬಂತು. 24ರಿಂದ 28ರ ಒಳಗೆ ಇದ್ರೆ ಟ್ರಾನ್ಸ್‌ಫಾರ್ಮರ್ ಸರಿ ಉಂಟು ಅಂತಲೇ ಲೆಕ್ಕ. ಸಂಶಯ ಇದ್ರೆ ಎರಡೂ ರೇಂಜಲ್ಲಿ ನೋಡಿ, ಯಾವುದರಲ್ಲಿ ಬಂತು ಅಂತ ಬರೆದಿಟ್ಟುಕೊಳ್ಳಿ.

ಆಮೇಲೆ ಜಂಪರ್ ಟೆಸ್ಟ್, ಇದು ಚೆಕ್ಕೂ ಹೌದು, ತುರ್ತಿಗೆ ಮನೆ ಬಿಸಿ ಮಾಡುವ ದಾರಿಯೂ ಹೌದು. ಬಾಯ್ಲರಿನ ಪವರ್ ಆಫ್ ಮಾಡಿ, ಥರ್ಮೋಸ್ಟಾಟನ್ನು ಗೋಡೆಯಿಂದ ಎಳೆದು, ಆರ್ ಮತ್ತು ಡಬ್ಲ್ಯೂ ಎರಡನ್ನು ಒಟ್ಟಿಗೆ ಹೊಸೆದು, ಪವರ್ ಆನ್. ಒಂದೆರಡು ನಿಮಿಷದಲ್ಲಿ ಬಾಯ್ಲರ್ ಹೊತ್ತಿಕೊಂಡ್ರೆ ಬಾಯ್ಲರ್, ಟ್ರಾನ್ಸ್‌ಫಾರ್ಮರ್, ಗೋಡೆಯೊಳಗಿನ ವಯರ್ ಎಲ್ಲ ಸರಿ, ಜಗಳ ಇರುದು ಥರ್ಮೋಸ್ಟಾಟಿನ ಹತ್ರ ಮಾತ್ರ. ಹೊತ್ತಿಕೊಂಡಿತು. ಆದ್ರೆ ಹಾಗೇ ಬಿಟ್ಟು ಮಲಗ್ಬಾರ್ದು, ಅದನ್ನು ನಿಲ್ಲಿಸುವವ್ರು ಯಾರೂ ಇಲ್ಲ, ಮನೆ ಬೆಚ್ಚಗಾದ ಮೇಲೆ ಕೈಯಾರೆ ಬಿಡಿಸ್ಬೇಕು.

ಹೊತ್ತಿಕೊಳ್ಳದಿದ್ರೆ? ಕೆಳಗೆ ಬಾಯ್ಲರ್ ಹತ್ರವೇ ಆ ಎರಡು ಟರ್ಮಿನಲ್ ಸೇರಿಸಿ ನೋಡಿ, ಅಲ್ಲಿ ಹೊತ್ತಿ ಮೇಲೆ ಹೊತ್ತದಿದ್ರೆ ಮಧ್ಯದ ವಯರ್ ತುಂಡಾಗಿದೆ, ಮೊಳೆಯೋ ಇಲಿಯೋ ಏನೋ ಒಂದು. ಎರಡು ಕಡೆಯೂ ಇಲ್ಲದಿದ್ರೆ ಬಾಯ್ಲರಿನ ಕಡೆಯೇ ತೊಂದರೆ, ಅದಕ್ಕೆ ಕೈ ಹಾಕದೆ ಅದ್ರ ಮೆಕ್ಯಾನಿಕ್ ಕರೀರಿ, ಆದ್ರೆ ಅವನನ್ನು ಕರೆಯುವ ಮೊದ್ಲು ಬೇಸ್‌ಮೆಂಟ್ ಮೆಟ್ಟಿಲ ಹತ್ರ ಕೆಂಪು ಪ್ಲೇಟಿನ ಒಂದು ಸ್ವಿಚ್ ಉಂಟಾ ನೋಡಿ. ಆ ಕಡೆಯ ಹಳೇ ಮನೆಗಳಲ್ಲಿ ಅದು ಬಾಯ್ಲರಿನ ಎಮರ್ಜೆನ್ಸಿ ಸ್ವಿಚ್. ಊರಿಂದ ಹೋದ ನಮ್ಮಂಥವ್ರು ಲೈಟ್ ಅಂತ ತಿಳ್ಕೊಂಡು ಅದನ್ನು ಆಫ್ ಮಾಡಿ ಬರ್ತೇವೆ. ನಮ್ಮಮ್ಮ ಹೋದ ವರ್ಷ ಮಾಡಿ ಬಂದಿದ್ದಾರೆ, ಹಾಗಾಗಿ ವಾಸ್ತುವಿನ ಮಾತು ಅವ್ರು ಜಾಸ್ತಿ ಆಡುದು ಬೇಡ.

ಮೂರನೇ ಚೆಕ್ ಥರ್ಮೋಸ್ಟಾಟ್ ಹಾಕಿಕೊಂಡೇ ಮಾಡುದು. ಹೀಟ್ ಕೇಳದೆ ಸುಮ್ನೆ ಇರುವಾಗ ಆರ್ ಡಬ್ಲ್ಯೂ ಮಧ್ಯೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಇರ್ಬೇಕು, ಹೀಟ್ ಕೇಳುವಾಗ ಸೊನ್ನೆ ಹತ್ರಕ್ಕೆ ಇಳೀಬೇಕು. ಸ್ಕ್ರೀನಲ್ಲಿ ಹೀಟಿಂಗ್ ಅಂತ ಬರ್ತಾ ಉಂಟು, ಮೀಟರಲ್ಲಿ ಇನ್ನೂ 27 ಅಂದ್ರೆ ಒಳಗಿನ ಸ್ವಿಚ್ ಮುಚ್ಚುತ್ತಾ ಇಲ್ಲ, ಆ ಥರ್ಮೋಸ್ಟಾಟೇ ಹಾಳು. ಎರಡೂ ಹೊತ್ತು ಸೊನ್ನೆ ಅಂದ್ರೆ ಒಂದಾ ಅದು ಮುಚ್ಚಿಕೊಂಡೇ ಸಿಕ್ಕಿಬಿದ್ದಿದೆ, ಅಲ್ಲ ಕೆಳಗಿಂದ ಕರೆಂಟೇ ಬರುದಿಲ್ಲ, ವಯರ್ ಬಿಡಿಸಿ ಬರೀ ವಯರಿನ ಮಧ್ಯೆ ಅಳೆದ್ರೆ ಯಾವುದು ಅಂತ ಗೊತ್ತಾಗ್ತದೆ. ಭಾವನಲ್ಲಿ ಎರಡೂ ಸರಿಯಾಗೇ ಬಂತು.

ಉಳಿದದ್ದು ಬ್ಯಾಟರಿ. ಸೆಟ್ಟಿಂಗಲ್ಲಿ ಟೆಕ್ನಿಕಲ್ ಇನ್ಫೋ ಅಂತ ಹುಡುಕಿದ್ರೆ ಒಳಗಿನ ಲಿಥಿಯಂ ಸೆಲ್ಲಿನ ವೋಲ್ಟೇಜ್ ತೋರಿಸ್ತದೆ, 3.8ರ ಸುತ್ತ ಇದ್ರೆ ಹೊಟ್ಟೆ ತುಂಬಿದೆ, 3.6ರಿಂದ ಕೆಳಗೆ ಇಳಿದ್ರೆ ಮೊದ್ಲು ವೈಫೈ ಬಿಡ್ತದೆ, ಆಮೇಲೆ ಸ್ಕ್ರೀನ್, ಕಡೆಗೆ ಪ್ರಾಣ. ಅಕ್ಕನಿಗೆ ವೈಫೈ ಮೇಲೆ ಸಂಶಯ ಬಂದದ್ದು ಇದಕ್ಕೇ, ಅದು ಕಾಯಿಲೆ ಅಲ್ಲ, ಕಾಯಿಲೆಯ ಲಕ್ಷಣ. ಒಂದು ಚಳಿ ರಾತ್ರಿ ಎರಡು ಗಂಟೆಗೊಮ್ಮೆ ಓದಿ ಕಳಿಸಿ ಅಂದೆ. ಭಾವ ಪಾಪ ಅಲಾರಂ ಇಟ್ಟು ಎದ್ದು ಕಳಿಸಿದ್ರು, ರಾತ್ರಿ ಹತ್ತಕ್ಕೆ 3.82, ಹನ್ನೆರಡಕ್ಕೆ 3.74, ಎರಡಕ್ಕೆ 3.66, ನಾಲ್ಕಕ್ಕೆ 3.57, ಐದೂವರೆಗೆ ಸ್ಕ್ರೀನ್ ಹೋಯ್ತು. ಬಾಯ್ಲರ್ ಆ ಇಡೀ ರಾತ್ರಿ ನಿಂತದ್ದೇ ಕಡಿಮೆ. ಊಹೆ ಸರಿ.

ಇದರ ಉಲ್ಟಾ ಒಂದು ದೋಷ ಉಂಟು, ಅದೂ ಇದೇ ಬೇರಿನದ್ದು. ಚಳಿ ಇಲ್ಲದ ದಿನ, ಹೀಟ್ ಕೇಳದೇ ಇದ್ರೂ ಬಾಯ್ಲರ್ ತನ್ನಷ್ಟಕ್ಕೆ ಹೊತ್ತಿಕೊಳ್ಳುದು, ಪಂಪ್ ಒಂದು ನಿಮಿಷ ಓಡಿ ನಿಲ್ಲುದು. ಹೊಸ ತರದ ಎಲೆಕ್ಟ್ರಾನಿಕ್ ಬೋರ್ಡ್ ಇದ್ರೆ ಕದಿಯುವ ಆ ಚೂರು ಕರೆಂಟನ್ನೇ ಅದು ಹೀಟ್ ಬೇಕು ಅಂತ ತಿಳ್ಕೊಳ್ತದೆ. ದೊಡ್ಡಮ್ಮನ ಎಲ್‌ಇಡಿ ಬಲ್ಬೇ ಬಾಯ್ಲರ್ ಆಗಿ ಬಂದದ್ದು ಅಂತ ಲೆಕ್ಕ ಹಾಕಿ.

ಇನ್ನು ಎಂತ ಹಾಕುದು ಅನ್ನುವ ಪ್ರಶ್ನೆ. ಆ್ಯಪ್ ಚಂದ ಉಂಟಾ, ಧ್ವನಿಯಲ್ಲಿ ಕೇಳ್ತದಾ ಅಂತ ನೋಡುದು ಆಮೇಲೆ. ಮೊದ್ಲು ಕೇಳ್ಬೇಕಾದ್ದು ಇದು ಊಟ ಎಲ್ಲಿಂದ ಮಾಡ್ತದೆ ಅಂತ. ಡಬ್ಬದ ಮೇಲೆ ಸಿ ವಯರ್ ಬೇಕಾಗುದಿಲ್ಲ ಅಂತ ಬರೆದದ್ದನ್ನು ಮಾತ್ರ ನಂಬ್ಬೇಡಿ, ಒಳಗಿನ ಪುಸ್ತಕದಲ್ಲಿ ಬರೀ ಹೀಟಿಂಗ್ ಇರುವ ಮನೆಗೆ ಎಂತ ಅಂತ ಬೇರೆಯೇ ಒಂದು ಸಾಲು ಇರ್ತದೆ, ಮನೆ ತಂಪು ಮಾಡುವ ಎಸಿ ಮೆಷಿನೂ ಇದ್ದಲ್ಲಿ ಕದಿಲಿಕ್ಕೆ ಇನ್ನೊಂದು ದಾರಿ ಉಂಟು, ಇಲ್ಲಿ ಅದಿಲ್ಲ. ಮೂರನೇ ವಯರ್ ಇಲ್ಲದಲ್ಲಿ ವಯರ್ ಹೆಚ್ಚು ಮಾಡಿಕೊಡುವ ಕಿಟ್ ಅಂತ ಸಿಗುವುದೂ ಹೆಚ್ಚಿನದ್ದು ನಾಲ್ಕು ವಯರ್ ಇದ್ದವರಿಗೆ ಮಾಡಿದ್ದು.

ಖರ್ಚು ಮಾಡುವ ಮೊದ್ಲು ಗೋಡೆಯ ತೂತಿನೊಳಗೆ ಟಾರ್ಚ್ ಹಾಕಿ, ಎಷ್ಟೋ ಕಡೆ ಹೆಚ್ಚಿನ ವಯರ್ ಮಡಚಿ ಹಿಂದೆ ಬಿಟ್ಟಿರ್ತಾರೆ. ಸಿಕ್ಕಿದ್ರೆ ಲಾಟರಿ, ಎರಡೂ ತುದಿಯಲ್ಲಿ ಸಿ ಗೆ ಸೇರಿಸಿದ್ರೆ ಮುಗೀತು. ಭಾವನ ಮನೆಯಲ್ಲಿ ಬಟ್ಟೆ ಸುತ್ತಿದ ಹಳೇ ಎರಡೆಳೆ, ಅಷ್ಟೇ. ಹೊಸ ಐದೆಳೆಯ 18 ಗೇಜ್ ಕೇಬಲ್ ಎಳೆಯುದೇ ಎಲ್ಲಕ್ಕಿಂತ ಒಳ್ಳೇದು, ಹಳೇದರ ತುದಿಗೆ ಕಟ್ಟಿ ಎಳೆದು ನೋಡಿದ್ರು, ಅದು ಒಳಗೆ ಮರಕ್ಕೆ ಹೊಡೆದು ಕೂರಿಸಿದ್ದು, ಜಗ್ಗಲೇ ಇಲ್ಲ. ಜೋರು ಎಳೀಬೇಡಿ ಅಂದೆ, ಇದ್ದ ಎರಡೂ ಹೋದ್ರೆ ಕಥೆ ಕೈಲಾಸ. ಇನ್ನೊಂದು, ಕೆಳಗೆ ಬಾಯ್ಲರಲ್ಲಿ ಬರೀ ಟಿ ಟಿ ಅಂತ ಎರಡೇ ಟರ್ಮಿನಲ್ ಇದ್ರೆ ಸಿ ಎಲ್ಲಿಂದ ತೆಗೆಯುದು ಅಂತ ಮೊದ್ಲೇ ಮೆಕ್ಯಾನಿಕ್ಕನ ಹತ್ರ ಕೇಳಿಕೊಳ್ಳಿ, ಕೇಬಲ್ ಎಳೆದಾದ ಮೇಲೆ ಅಲ್ಲ.

ಬ್ಯಾಟರಿಯದ್ದು ಹಾಕುದು ಇನ್ನೊಂದು ದಾರಿ, ಎಎ ಸೆಲ್ ಹಾಕಿ ಬರೀ ಸ್ವಿಚ್ಚಿನ ಹಾಗೆ ಎರಡು ವಯರ್ ಮುಟ್ಟಿಸುವಂಥದ್ದು, ಕದಿಯುವ ಗೋಜೇ ಇಲ್ಲ. ಅದರಲ್ಲಿ ವೈಫೈಯದ್ದು ಸೆಲ್ ತಿಂತದೆ, ಜಿಗ್‌ಬೀ ಅಥವಾ ಜೀ ವೇವ್ ಅನ್ನುವ ಬೇರೆ ತರದ ವಯರ್‌ಲೆಸ್ ಆದ್ರೆ ಕಡಿಮೆ ತಿಂತದೆ, ಆದ್ರೆ ಅದನ್ನು ಇಂಟರ್ನೆಟ್ಟಿಗೆ ಸೇರಿಸ್ಲಿಕ್ಕೆ ಮಧ್ಯೆ ಒಂದು ಹಬ್ ಇಡ್ಬೇಕು. ನನ್ನ ಕೇಳಿದ್ರೆ ಬಾಡಿಗೆ ಮನೆಯವರಿಗೆ ಇದೇ ಸರಿ. ಸೆಲ್ ಮುಗಿದ್ರೆ ಹೀಟ್ ನಿಲ್ತದೆ ಅನ್ನುದೊಂದು ನೆನಪಿರ್ಲಿ, ಮೈನಸಲ್ಲಿ ಹೀಟ್ ನಿಂತು ಊರಿಗೆ ಹೋಗಿದ್ರೆ ಪೈಪಿನೊಳಗಿನ ನೀರು ಗಡ್ಡೆ ಕಟ್ಟಿ ಪೈಪ್ ಒಡೀತದೆ, ಹಾಗಾಗಿ ಚಳಿ ಸುರುವಾಗುವ ಮೊದ್ಲೇ ಹೊಸ ಸೆಲ್ ಹಾಕಿಬಿಡುದು. ಇಂಗ್ಲೆಂಡ್ ಕಡೆಯ ಉಪಾಯ ನನಗೆ ಭಾರೀ ಇಷ್ಟ ಆಯ್ತು, ಅಲ್ಲಿ ಬಾಯ್ಲರ್ ಹತ್ರ ಒಂದು ರಿಸೀವರ್ ಇಡ್ತಾರೆ, ಬಿಸಿ ಬೇಕು ಬೇಡ ಅನ್ನುವ ಮಾತೆಲ್ಲ ವಯರ್‌ಲೆಸ್ಸಲ್ಲಿ, ಕೆಲವು ಮಾಡೆಲಲ್ಲಿ ಗೋಡೆಯೊಳಗಿನ ಹಳೇ ಎರಡು ವಯರನ್ನು ಥರ್ಮೋಸ್ಟಾಟಿಗೆ 12 ವೋಲ್ಟ್ ಊಟ ಕೊಡ್ಲಿಕ್ಕೆ ಮಾತ್ರ ಬಳಸುದು. ರೆಸಿಸ್ಟರ್ ಹಾಕಿ ಕದಿಯುವ ದಾರಿ ಸುಲಭ ಮಾಡಿಕೊಡುವವ್ರೂ ಇದ್ದಾರೆ, ದೊಡ್ಡಮ್ಮನ ಕೆಪಾಸಿಟರ್ ತರ. ಬಾಯ್ಲರ್ ಒಳಗೆ ಡಬ್ಲ್ಯೂ ಮತ್ತು ಸಿ ಮಧ್ಯೆ 500 ಓಮ್ ಹಾಕಿದ್ರೆ ಒಂದು ವ್ಯಾಟಿಗಿಂತ ಸ್ವಲ್ಪ ಜಾಸ್ತಿ ಬಿಸಿ ಆಗ್ತದೆ, 5 ವ್ಯಾಟಿನದ್ದು ಬೇಕು. ತನ್ನಷ್ಟಕ್ಕೆ ಹೊತ್ತಿಕೊಳ್ಳುವ ದೋಷಕ್ಕೆ ಅದು ಮದ್ದು, ನಮ್ಮದಕ್ಕೆ ಅಲ್ಲ, ರಾತ್ರಿಯಿಡೀ ಮುಟ್ಟಿಕೊಂಡೇ ಇರುವ ವಯರಿಗೆ ರೆಸಿಸ್ಟರ್ ಎಂತ ಮಾಡ್ತದೆ?

ಕಡೆಗೆ ನಾವು ಮಾಡಿದ್ದು ಪ್ಲಗ್ ಟ್ರಾನ್ಸ್‌ಫಾರ್ಮರ್. ಥರ್ಮೋಸ್ಟಾಟಿನ ಕೆಳಗೆ ಗೋಡೆಯಲ್ಲಿ ಒಂದು ಪ್ಲಗ್ ಪಾಯಿಂಟ್ ಇತ್ತು, ಅದಕ್ಕೆ 24 ವೋಲ್ಟ್ ಎಸಿಯ ಅಡಾಪ್ಟರ್. ಡಿಸಿಯದ್ದು ತರ್ಬೇಡಿ, ನೋಡ್ಲಿಕ್ಕೆ ಎರಡೂ ಒಂದೇ. ಇಲ್ಲೊಂದು ಜಾಗ್ರತೆ ಉಂಟು, ಈಗ ಮನೆಯಲ್ಲಿ ಎರಡು ಟ್ರಾನ್ಸ್‌ಫಾರ್ಮರ್ ಆಯ್ತಲ್ಲ, ಅವೆರಡು ಒಂದಕ್ಕೊಂದು ಜಗಳ ಆಡದ ಹಾಗೆ ಬೇರೆ ಬೇರೆ ಇಡ್ಬೇಕು. ಥರ್ಮೋಸ್ಟಾಟಲ್ಲಿ ಆರ್ ಬದಲು ಆರ್‌ಎಚ್ (ಬಿಸಿಯ ಕಡೆಯದ್ದು), ಆರ್‌ಸಿ (ತಂಪಿನ ಕಡೆಯದ್ದು) ಅಂತ ಎರಡು ಬೇರೆ ಟರ್ಮಿನಲ್ ಇದ್ದು, ಎರಡು ಟ್ರಾನ್ಸ್‌ಫಾರ್ಮರ್ ನಡೀತದೆ ಅಂತ ಪುಸ್ತಕದಲ್ಲಿ ಇದ್ರೆ ಮಾತ್ರ, ಅವೆರಡನ್ನು ಸೇರಿಸುವ ತುಂಡು ವಯರ್, ಅಂದ್ರೆ ಜಂಪರ್, ತೆಗೆದು, ಬಾಯ್ಲರಿನ ಎರಡು ವಯರ್ ಆರ್‌ಎಚ್ ಮತ್ತು ಡಬ್ಲ್ಯೂಗೆ, ಅಡಾಪ್ಟರಿನ ಎರಡು ವಯರ್ ಆರ್‌ಸಿ ಮತ್ತು ಸಿ ಗೆ. ಒಂದೇ ಆರ್ ಇದ್ರೆ ಹೀಗೆ ಮಾಡುದಲ್ಲ, ಮಧ್ಯೆ 24 ವೋಲ್ಟಿನ ಒಂದು ರಿಲೇ ಇಟ್ಟು, ಥರ್ಮೋಸ್ಟಾಟ್ ಅಡಾಪ್ಟರಿನ ಕರೆಂಟಲ್ಲಿ ಆ ರಿಲೇಯ ಕಾಯಿಲ್ ಎಳೆಯುದು, ರಿಲೇಯ ಖಾಲಿ ಕಾಂಟ್ಯಾಕ್ಟಿಗೆ ಬಾಯ್ಲರಿನ ಎರಡು ವಯರ್. ಭಾವನ ಥರ್ಮೋಸ್ಟಾಟಿಗೆ ಮೊದಲನೇದೇ ನಡೀತು, ಹೊಸತು ಕೊಳ್ಳುವ ಕೆಲಸವೇ ಬರ್ಲಿಲ್ಲ. ಕರೆಂಟ್ ಹೋದ್ರೆ ಎಂತ ಅಂತ ಅಕ್ಕ ಕೇಳಿದ್ಳು, ಕರೆಂಟ್ ಹೋದ್ರೆ ಬಾಯ್ಲರಿನ ಪಂಪೂ ಓಡುದಿಲ್ಲ ಅಲ್ವ, ಹಾಗಾಗಿ ಹೊಸ ನಷ್ಟ ಏನಿಲ್ಲ.

ಮರುದಿನದ ರಾತ್ರಿ ಮೈನಸ್ 12. ಬೆಳಿಗ್ಗೆ ಭಾವನ ಮೆಸೇಜ್, 3.9 ವೋಲ್ಟ್, ಒಳಗೆ 20 ಡಿಗ್ರಿ. ಅದರ ಹಿಂದೆಯೇ ಅಕ್ಕನ ವಾಯ್ಸ್ ಮೆಸೇಜ್, ಗೋಡೆ ಮೇಲೆ ಆ ಬಿಳಿ ವಯರ್ ನೇತಾಡುದು ಅಸಹ್ಯ ಕಾಣ್ತದೆ, ಬಂದವ್ರು ಎಂತ ಹೇಳಿಯಾರು ಅಂತ. ಪ್ಲಾಸ್ಟಿಕ್ ಪಟ್ಟಿ ಹೊಡೆದು ಗೋಡೆ ಬಣ್ಣ ಕೊಡಿ ಅಂದಿದ್ದೇನೆ.

ಹಳೇ ದುಂಡು ಥರ್ಮೋಸ್ಟಾಟನ್ನು ಭಾವ ಕಸಕ್ಕೆ ಹಾಕ್ಲಿಕ್ಕೆ ಹೊರಟಿದ್ರು, ತಡೆದೆ. ಒಳಗೆ ಪಾದರಸ ಉಂಟು, ಹಾಗೆ ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ, ಬಿಸಾಡುದೇ ಆದ್ರೆ ಅದಕ್ಕೆ ಅಂತ ತಗೊಳ್ಳುವ ಜಾಗದಲ್ಲಿ ಕೊಡ್ಬೇಕು. ಬಿಸಾಡುದೂ ಬೇಡ, ಬಟ್ಟೆ ಸುತ್ತಿ ಡ್ರಾಯರಲ್ಲಿ ಇಡಿ ಅಂದೆ. ಇನ್ನೊಂದು ಸಲ ರಾತ್ರಿ ಸ್ಕ್ರೀನ್ ಹೋದ್ರೆ ಎರಡು ವಯರ್ ಅದಕ್ಕೆ ಕೊಟ್ಟು ಗೋಡೆಗೆ ಸರಿಯಾಗಿ ಮಟ್ಟ ನೋಡಿ ಕೂರಿಸಿದ್ರೆ ಆಯ್ತು, ಓರೆ ಆದ್ರೆ ಮಾತ್ರ ಪಾದರಸ ಒಂದು ಕಡೆಗೆ ವಾಲಿ ಡಿಗ್ರಿ ತಪ್ಪು ಬರ್ತದೆ.